ಮೂರ್ಛೆ ರೋಗ ಇದ್ದವರ ಜೀವಕ್ಕೆ ನಿಜವಾಗಿ ಎಷ್ಟು ಅಪಾಯ?

ತಮ್ಮನಿಗೆ 19 ವರ್ಷ, ಹೋದ ವರ್ಷದಿಂದ ಫಿಟ್ಸ್ ಬರುತ್ತಿವೆ, ಇದರಿಂದ ಜೀವಕ್ಕೆ ಅಪಾಯ ಇದೆಯಾ, ಹೊಲಕ್ಕೆ ಕಳಿಸಬಹುದಾ ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಮುಧೋಳ ಕಡೆಯ ರೈತ, ಹೈಸ್ಕೂಲಿನಿಂದಲೂ ನನಗೆ ಇದೇ ಕಾಯಿಲೆ ಇದೆ.

ಅಪಾಯ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಸಾಮಾನ್ಯವಾಗಿ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಅದು ಎಲ್ಲಿ ಬಂತು ಅನ್ನೋದು ಮುಖ್ಯ. ಪಡಸಾಲೆಯಲ್ಲಿ ಬಂದರೆ ನಾಲಿಗೆ ಕಚ್ಚಿಕೊಂಡು, ಮೈಕೈ ನೋವಾಗಿ ಮುಗಿಯಬಹುದು. ಬಾವಿ ಕಟ್ಟೆ ಮೇಲೆ ಬಂದರೆ? ನಮ್ಮ ಭಾಗದಲ್ಲಿ ನನಗೆ ಜಾಸ್ತಿ ಹೆದರಿಕೆ ನೀರಿನದೇ. ಬಾವಿ, ಕಾಲುವೆ, ಕೃಷಿ ಹೊಂಡ, ಘಟಪ್ರಭೆಯ ದಂಡೆ. ಮೊಣಕಾಲುದ್ದ ನೀರಿದ್ದರೂ ಬೋರಲು ಬಿದ್ದರೆ ಸಾಕು. ರಾತ್ರಿ ತ್ರೀ ಫೇಸ್ ಕರೆಂಟ್ ಬಂತೆಂದು ಒಬ್ಬನೇ ಪಂಪ್‌ಸೆಟ್ ಚಾಲೂ ಮಾಡಲು ಹೋಗುವುದಂತೂ ಬೇಡ. ನಿದ್ದೆಯೂ ಕೆಡುತ್ತದೆ, ಜೊತೆಗೆ ಯಾರೂ ಇರುವುದಿಲ್ಲ. ಬೈಕ್, ಟ್ರ್ಯಾಕ್ಟರ್, ಕಬ್ಬಿನ ಲೋಡ್ ಮೇಲೆ ಹತ್ತುವುದು, ಬೆಲ್ಲದ ಕೊಪ್ಪರಿಗೆ ಹತ್ತಿರ ನಿಲ್ಲುವುದು, ಇವೂ ಬೇಡ. ಕಳೆ ತೆಗೆಯಲಿ, ದನಕ್ಕೆ ಮೇವು ಹಾಕಲಿ, ನಾಲ್ಕು ಜನರ ಜೊತೆ ದುಡಿಯಲಿ. ಸುಮ್ನೆ ಮನೆಯಲ್ಲಿ ಕೂರಿಸಿದರೆ ಮನಸ್ಸು ಕುಗ್ಗುತ್ತದೆ. ಈ ಕಾಯಿಲೆ ಇದ್ದವರಲ್ಲಿ ಖಿನ್ನತೆ ಮೊದಲೇ ಜಾಸ್ತಿ.

ಇನ್ನೊಂದು ಅಪಾಯ ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅಪರೂಪಕ್ಕೆ, ಹೆಚ್ಚಾಗಿ ರಾತ್ರಿ ನಿದ್ದೆಯಲ್ಲಿ, ಬೇರೆ ಯಾವ ಕಾರಣವೂ ಕಾಣದೆ ಜೀವ ಹೋಗುವುದಿದೆ. ಮೂರ್ಛೆ ರೋಗ ಇರುವ 1,000 ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ಮೈಯೆಲ್ಲ ಸೆಟೆದು ಅದುರುವ ದೊಡ್ಡ ಫಿಟ್ಸ್ ಪದೇ ಪದೇ ಬರುವವರಿಗೆ ಈ ಅಪಾಯ ಜಾಸ್ತಿ, ಹತೋಟಿಯಲ್ಲಿದ್ದರೆ ತೀರಾ ಕಡಿಮೆ. ಹೆದರಿಸಲು ಹೇಳುತ್ತಿಲ್ಲ, ಗುಳಿಗೆ ಯಾಕೆ ತಪ್ಪಿಸಬಾರದು ಅನ್ನೋದಕ್ಕೆ ಹೇಳಿದೆ. ಸರಿಯಾದ ಔಷಧಿ ಸಿಕ್ಕರೆ ನೂರಕ್ಕೆ ಎಪ್ಪತ್ತು ಜನರಿಗೆ ಫಿಟ್ಸ್ ನಿಲ್ಲಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆರು ತಿಂಗಳು ಏನೂ ಬಂದಿಲ್ಲ, ಇನ್ನೇಕೆ ಗುಳಿಗೆ ಅನ್ನುವ ಹಿರಿಯರು ಎಲ್ಲರ ಮನೆಯಲ್ಲೂ ಇರುತ್ತಾರೆ ಅಲ್ವಾ? ಒಮ್ಮೆಲೇ ನಿಲ್ಲಿಸಿದರೆ ಒಂದರ ಹಿಂದೆ ಒಂದು ಬಂದು ನಿಲ್ಲದೇ ಹೋಗಬಹುದು. ಕಡಿಮೆ ಮಾಡುವುದಿದ್ದರೆ ಡಾಕ್ಟರೇ ನಿಧಾನಕ್ಕೆ ಮಾಡಬೇಕು. ಶ್ರಾವಣ ಸೋಮವಾರದ ಉಪವಾಸ ಅಂತ ಗುಳಿಗೆ ಬಿಡುವುದು, ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೋಗಿ ರಾತ್ರಿಯಿಡೀ ಎಚ್ಚರ ಇರುವುದು, ಕುಡಿತ, ಮೂರೂ ಫಿಟ್ಸ್ ಕರೆದು ತರುತ್ತವೆ. ಜಾತ್ರೆಗೆ ಹೋಗಲಿ, ನಿದ್ದೆ ಮಾಡಲಿ. ಎಲ್ಲಮ್ಮ ಬೇಡ ಅನ್ನೋದಿಲ್ಲ.

ಬಂದಾಗ ಕೈಗೆ ಕೀಲಿಕೈ ಕೊಡಬೇಡಿ, ಮೂಗಿಗೆ ಉಳ್ಳಾಗಡ್ಡಿ, ಚಪ್ಪಲಿ ಹಿಡಿಯಬೇಡಿ. ಬಾಯಿಗೆ ಚಮಚ ತುರುಕಬೇಡಿ, ನೀರು ಹಾಕಬೇಡಿ. ತಲೆ ಕೆಳಗೆ ಟವೆಲ್ ಇಡಿ, ಗಡಿಯಾರ ನೋಡಿ. ಅದುರು ನಿಂತ ಕೂಡಲೇ ಮಗ್ಗುಲಿಗೆ ಹೊರಳಿಸಿ. 5 ನಿಮಿಷ ದಾಟಿದರೆ, ಎಚ್ಚರವಾಗದೇ ಮತ್ತೆ ಬಂದರೆ, ನೀರಿನಲ್ಲಿ ಬಂದಿದ್ದರೆ 108ಕ್ಕೆ ಫೋನ್ ಮಾಡಿ.

ಗುಳಿಗೆ ತಪ್ಪಿಸದೆ ತೆಗೆದುಕೊಂಡರೂ ಬರುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಿ. ತಲೆ ಸ್ಕ್ಯಾನ್ ಆಗಿಲ್ಲದಿದ್ದರೆ ಕೇಳಿ, ನಮ್ಮ ದೇಶದಲ್ಲಿ ಮೆದುಳಿಗೆ ಸೇರಿದ ಲಾಡಿಹುಳದ ಮರಿಯಿಂದಲೂ ಎಷ್ಟೋ ಜನರಿಗೆ ಫಿಟ್ಸ್ ಬರುತ್ತವೆ. ಮುಂದಿನ ಸಲ ಬಂದಾಗ ಒಬ್ಬರು ಅವನನ್ನು ನೋಡಿಕೊಳ್ಳಿ, ಇನ್ನೊಬ್ಬರು ಫೋನಿನಲ್ಲಿ ವಿಡಿಯೋ ಮಾಡಿ. ಡಾಕ್ಟರಿಗೆ ನಿಮ್ಮ ಬಾಯಿಮಾತಿಗಿಂತ ಅದು ಜಾಸ್ತಿ ಹೇಳುತ್ತದೆ.