ಶಾಲು ಬೇಡ, ಜುಲೈನಲ್ಲಿ ದುಡ್ಡು ಕೊಡಿ

ಅಂಕೋಲಾದ ನಿವೃತ್ತ ಅಕ್ಕೋರೊಬ್ಬರು (ನಮ್ಮ ಕಡೆ ಶಿಕ್ಷಕಿಯನ್ನು ಕರೆಯುವುದು ಹಾಗೆ) ಬರೆದ ಪತ್ರದ ಸಾರ ಹೀಗಿದೆ: "ತೀರಿಹೋದ ಅಮ್ಮನ ಹೆಸರಿನಲ್ಲಿ 5 ಲಕ್ಷ ರೂಪಾಯಿ ಠೇವಣಿ ಇಟ್ಟು, ಬಡ್ಡಿಯಲ್ಲಿ ಎಂಜಿನಿಯರಿಂಗ್ ಓದುವ ನಮ್ಮ ತಾಲೂಕಿನ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಬೇಕೆಂದಿದ್ದೇನೆ. ವರ್ಷಕ್ಕೆ ಏಳು ಜನರಿಗೆ ಐದೈದು ಸಾವಿರ ಎಂದು ಲೆಕ್ಕ ಹಾಕಿದ್ದೇನೆ. ಸರ್ಕಾರವೇ ಅಷ್ಟೆಲ್ಲ ಕೊಡುವಾಗ ನಿನ್ನದು ಯಾವ ಮೂಲೆಗೆ ಎನ್ನುತ್ತಾನೆ ತಮ್ಮ. ಬರೀ ಹುಡುಗಿಯರಿಗೇ ಯಾಕೆ ಎನ್ನುತ್ತಾನೆ ಅಳಿಯ. ಓದಿ ಊರಿಗೆ ಮರಳಬೇಕು ಎಂದು ಷರತ್ತು ಹಾಕಬಹುದೇ? ಕೊಡುವ ಕಾರ್ಯಕ್ರಮದ ಫೋಟೋ ನಿಮ್ಮ ಪತ್ರಿಕೆಯಲ್ಲಿ ಹಾಕುತ್ತೀರಲ್ಲ?"

ಅಕ್ಕೋರಿಗೆ ನಮಸ್ಕಾರ.

ಮೊದಲು ನಿಮ್ಮ ತಮ್ಮನವರ ಮಾತು. ಅದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಇರುವುದೇ ಹುಡುಗಿಯರಿಗೆ. ವರ್ಷಕ್ಕೆ 50,000 ರೂಪಾಯಿ, ಬಿಇಗೆ ನಾಲ್ಕು ವರ್ಷ. ಮನೆಯ ಆದಾಯ ವರ್ಷಕ್ಕೆ 8 ಲಕ್ಷ ದಾಟಿರಬಾರದು, ಒಂದು ಮನೆಯಿಂದ ಇಬ್ಬರಿಗೆ ಸಿಗುತ್ತದೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೂ ಉಂಟು. ರೈತರ ಮಕ್ಕಳಿಗೆಂದು ರಾಜ್ಯ ಸರ್ಕಾರ 2021ರಲ್ಲಿ ಶುರು ಮಾಡಿದ ರೈತ ವಿದ್ಯಾನಿಧಿಯಲ್ಲಿ ಬಿಇ ಓದುವ ಹುಡುಗರಿಗೆ 10,000, ಹುಡುಗಿಯರಿಗೆ 11,000 ಎಂದು ಇಟ್ಟರು. ಹತ್ತನೇ ಕ್ಲಾಸು, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತದೆ. ಇನ್ಫೊಸಿಸ್ ಫೌಂಡೇಶನ್ 2023ರಲ್ಲಿ ಶುರು ಮಾಡಿದ ಸ್ಟೆಮ್ ಸ್ಟಾರ್ಸ್‌ನಲ್ಲಿ ವರ್ಷಕ್ಕೆ 1 ಲಕ್ಷದವರೆಗೂ ಸಿಗುತ್ತದೆ. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದು ಆದಾಯ ಕಡಿಮೆ ಇದ್ದರೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟು ಇದೆ, ಅದರಲ್ಲಿ ಬೋಧನಾ ಶುಲ್ಕ ಮಾಫಿ. ಇಷ್ಟೆಲ್ಲದರ ಮುಂದೆ ನಿಮ್ಮ ಐದು ಸಾವಿರ ಸಣ್ಣದೇ.

ಆದರೆ ತಿಂಗಳು ನೋಡಿ. ಸಿಇಟಿ ಸೀಟು ಹಂಚಿಕೆ ನಡೆಯುವುದು ಮಳೆಗಾಲದಲ್ಲಿ. ಸೀಟು ಬಂದದ್ದು ಮೊಬೈಲಿನಲ್ಲಿ ಕಂಡ ಮೇಲೆ ದುಡ್ಡು ಕಟ್ಟಲು ಸಿಗುವುದು ಕೆಲವೇ ದಿನ. ಕಟ್ಟದಿದ್ದರೆ ಸೀಟು ಹೋಯಿತು. ಅದೇ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಬೋಟು ದಡದಲ್ಲಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಬೇಲೆಕೇರಿಯ ಬೋಟಿನಲ್ಲಿ ಪಾಲಿಗೆ ದುಡಿಯುವ ಅಪ್ಪನಿಗೆ ಆ ಎರಡು ತಿಂಗಳು ಕೈಯಲ್ಲಿ ಕಾಸಿಲ್ಲ. ಘಟ್ಟದ ಮೇಲೂ ಅಷ್ಟೇ. ಶಿರಸಿ, ಸಿದ್ದಾಪುರದ ಸಣ್ಣ ತೋಟದವರಿಗೆ ಅಡಿಕೆ ಕೊಯ್ಲು ಇನ್ನೂ ದೂರ. ಆಗ ತೋಟದಿಂದ ದುಡ್ಡು ಬರುವುದಿಲ್ಲ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ತೋಟಕ್ಕೇ ಹೋಗುತ್ತದೆ. ದೊಡ್ಡ ವಿದ್ಯಾರ್ಥಿವೇತನ ಖಾತೆಗೆ ಬೀಳುವಾಗ ಎಷ್ಟೋ ಸಲ ಎರಡನೇ ಸೆಮಿಸ್ಟರ್ ನಡೆಯುತ್ತಿರುತ್ತದೆ. ಅಲ್ಲಿಯ ತನಕ ತಾಯಿಯ ಬಳೆ ಸೊಸೈಟಿಯಲ್ಲಿ ಅಡವು. ಬಳೆ ಇಲ್ಲದ ಮನೆಯಲ್ಲಿ ಹುಡುಗಿ ಹತ್ತಿರದ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿಯಾಗಿರುತ್ತದೆ.

ನಿಮ್ಮ ದುಡ್ಡಿಗೆ ಜಾಗ ಇರುವುದು ಇಲ್ಲಿ. ಠೇವಣಿಯನ್ನು ಮೇ ತಿಂಗಳಿಗೆ ಇಡಿ. ವರ್ಷದ ಬಡ್ಡಿ ಸರಿಯಾಗಿ ಜೂನ್ ಹೊತ್ತಿಗೆ ಕೈಗೆ ಬರುತ್ತದೆ. ನೂರಕ್ಕೆ ಏಳರಂತೆ ಹಿಡಿದರೂ 35,000. ಅದನ್ನು ಏಳು ಪಾಲು ಮಾಡಬೇಡಿ. ಐದು ಸಾವಿರದಿಂದ ಯಾರ ಸೀಟೂ ಉಳಿಯುವುದಿಲ್ಲ. ಒಬ್ಬಳಿಗೆ ಕೊಡಿ, ಹೆಚ್ಚೆಂದರೆ ಇಬ್ಬರಿಗೆ. ಪ್ರಗತಿಯೋ ಮತ್ತೊಂದೋ ಬರುವುದು ಗ್ಯಾರಂಟಿ ಇರುವವರಿಗೆ ಕೈಗಡವಾಗಿ ಕೊಡಿ. ಅವರ ದುಡ್ಡು ಬಂದಾಗ ಹಿಂದಿರುಗಿಸಲಿ, ಬಡ್ಡಿ ಬೇಡ. ಆ ದುಡ್ಡು ಮುಂದಿನ ಜುಲೈಗೆ ಇನ್ನೊಬ್ಬಳಿಗೆ ಆಗುತ್ತದೆ. ಏನೂ ಬರುವ ಸಾಧ್ಯತೆ ಇಲ್ಲದವರಿಗೆ ಮಾತ್ರ ಪೂರ್ತಿ ಕೊಟ್ಟುಬಿಡಿ. ಒಂದು ಎಚ್ಚರಿಕೆ: ಅರ್ಜಿಗಳಲ್ಲಿ ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿದ್ದೀರಾ ಎಂಬ ಪ್ರಶ್ನೆ ಇರುತ್ತದೆ. ಹುಡುಗಿಗೆ ಬರಬೇಕಾದ ದೊಡ್ಡ ಮೊತ್ತಕ್ಕೆ ನಿಮ್ಮ ಸಣ್ಣ ಮೊತ್ತ ಅಡ್ಡ ಬರಬಾರದು. ನಿಯಮ ಓದಿಯೇ ಕೊಡಿ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಶಾಶ್ವತ ದತ್ತಿ ಎಂಬುದರ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಹಳೆಯ ಶಾಲೆ-ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೋಗಿ ನೋಡಿ. ಒಂದು ಕಾಲಕ್ಕೆ ದೊಡ್ಡದಾಗಿದ್ದ 51 ರೂಪಾಯಿ ದತ್ತಿ ಬಹುಮಾನವನ್ನು ಇವತ್ತಿಗೂ 51 ರೂಪಾಯಿಯಾಗಿಯೇ ಕೊಡುತ್ತಾರೆ. ಮೇಲಿಂದ ಸ್ಟೀಲ್ ಲೋಟ. ಅಸಲು ಮುಟ್ಟಬಾರದು ಎಂದು ಹಿರಿಯರು ಬರೆದಿಟ್ಟ ಮೇಲೆ ಯಾರು ಮುಟ್ಟುತ್ತಾರೆ? ನಿಮ್ಮದೂ ಮೂವತ್ತು ವರ್ಷದ ನಂತರ ಹಾಗೇ ಆಗುತ್ತದೆ. ಅದರ ಬದಲು ಹತ್ತೇ ವರ್ಷ ಎಂದು ಇಟ್ಟುಕೊಂಡು ಅಸಲನ್ನೂ ಸೇರಿಸಿ ಖರ್ಚು ಮಾಡಿದರೆ ವರ್ಷಕ್ಕೆ ಸುಮಾರು 70,000 ಸಿಗುತ್ತದೆ. ಇಬ್ಬರು ಹುಡುಗಿಯರನ್ನು ಕೈಹಿಡಿದು ನಡೆಸಬಹುದು. ಅಮ್ಮನ ಹೆಸರು ಫಲಕದಲ್ಲಿ ಉಳಿಯದೇ ಹೋಗಬಹುದು. ಅದು ನಿಮ್ಮ ಮನಸ್ಸಿಗೆ ಬಿಟ್ಟದ್ದು.

ಅಳಿಯಂದಿರ ಪ್ರಶ್ನೆಗೆ ನಿಮ್ಮ ಹಾಜರಿ ಪುಸ್ತಕದಲ್ಲೇ ಉತ್ತರ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಮುಂದಿದ್ದ ಹುಡುಗಿಯರು ಎಷ್ಟು ಜನ, ಅವರಲ್ಲಿ ಎಂಜಿನಿಯರಿಂಗ್‌ಗೆ ಹೋದವರು ಎಷ್ಟು ಜನ ಎಂದು ನೆನಪು ಮಾಡಿಕೊಳ್ಳಿ. ಅಣ್ಣನಿಗೆ ಹುಬ್ಬಳ್ಳಿ ಹಾಸ್ಟೆಲ್ಲು, ತಂಗಿಗೆ ಮನೆಯಿಂದ ಓಡಾಡುವ ಕಾಲೇಜು, ಅಲ್ವಾ? ಕಾರವಾರದ ಹತ್ತಿರ ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು 2007ರಲ್ಲಿ ಆದ ಮೇಲೆ ನಿಮ್ಮ ಕಡೆಯವರಿಗೆ ಅಷ್ಟಾದರೂ ಅನುಕೂಲ ಆಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಅಂಕೋಲಾದಿಂದ ಬಸ್ ಚಾರ್ಜೂ ಇಲ್ಲ. ಗ್ರಾಮೀಣ ಮೀಸಲು ನೂರಕ್ಕೆ 15, ಕನ್ನಡ ಮಾಧ್ಯಮದ ಮೀಸಲು ನೂರಕ್ಕೆ 5 ಇದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವಳು ಇದನ್ನು ಬಿಡಲೇಬಾರದು. ಖಾಸಗಿ ಕಾಲೇಜಿನ ಸಿಇಟಿ ಸೀಟಿನ ಫೀಸಿಗೆ ಹೋಲಿಸಿದರೆ ಸರ್ಕಾರಿ ಸೀಟು ಅರ್ಧಕ್ಕಿಂತ ಕಡಿಮೆ. ನಿಮ್ಮ 35,000ಕ್ಕೆ ತೂಕ ಬರುವುದೂ ಇಂಥ ಸೀಟಿನಲ್ಲೇ.

ಊರಿಗೆ ಮರಳುವ ಷರತ್ತು ಬೇಡವೇ ಬೇಡ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಸರ್ಕಾರದ ವಿದ್ಯಾರ್ಥಿವೇತನದಲ್ಲೇ ಅಮೆರಿಕದ ಮಿಶಿಗನ್‌ಗೆ ಹೋದವರು. 1953ರಲ್ಲಿ ಮರಳಿ ಬಂದರು, ನಿಜ. ಆದರೆ ಬರುವಾಗ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪಾಠ ಮಾಡುವ ಕೆಲಸ ಇತ್ತು. ನಾವು ಅಂಕೋಲಾದಲ್ಲಿ ಏನು ಇಟ್ಟಿದ್ದೇವೆ? ಕೆಲಸ ಇಲ್ಲದ ಊರಿಗೆ ಬಾ ಎಂದು ಬರೆಸಿಕೊಳ್ಳುವುದು ಸರಿಯಲ್ಲ.

ಷರತ್ತಿಗಿಂತ ಒಂದು ಒಲವು ಇಟ್ಟುಕೊಳ್ಳಿ. ಎಲ್ಲರೂ ಕಂಪ್ಯೂಟರ್ ಸೈನ್ಸ್ ಎಂದೇ ಓಡುತ್ತಾರೆ. ಸಿವಿಲ್ ತೆಗೆದುಕೊಂಡ ಹುಡುಗಿಗೆ "ಬಿಸಿಲಲ್ಲಿ ನಿಂತು ಕೆಲಸ ಮಾಡ್ತೀಯಾ?" ಎಂದು ಮನೆಯವರೇ ಕೇಳುತ್ತಾರೆ. 2024ರ ಜುಲೈ 16ರಂದು ನಿಮ್ಮದೇ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಜರಿದದ್ದನ್ನು ನೀವು ಹತ್ತಿರದಿಂದ ಕಂಡವರು. ಗುಡ್ಡ ಎಲ್ಲಿ ಕಡಿಯಬೇಕು, ನೀರು ಎಲ್ಲಿ ಬಿಡಬೇಕು ಎಂದು ಲೆಕ್ಕ ಹಾಕಬಲ್ಲ, ಈ ಮಳೆ ಈ ಮಣ್ಣು ಗೊತ್ತಿರುವ ನಾಲ್ಕು ಹೆಣ್ಣುಮಕ್ಕಳು ನಮ್ಮ ಜಿಲ್ಲೆಗೆ ಬೇಕು. ಇಬ್ಬರು ಸಮಾನವಾಗಿ ನಿಂತಾಗ ಸಿವಿಲ್‌ನವಳಿಗೆ ಕೊಡಿ ಎಂದಷ್ಟೇ ನನ್ನ ಸಲಹೆ.

ದುಡ್ಡಿಗಿಂತ ಜಾಸ್ತಿ ನಿಮ್ಮಿಂದ ಆಗುವ ಕೆಲಸ ಒಂದಿದೆ. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಶಿಯಲ್. ಆಧಾರ್ ಜೋಡಣೆ ಆಗಿರುವುದು ಆರನೇ ಕ್ಲಾಸಿನಲ್ಲಿ ಶಾಲೆಯವರು ತೆಗೆಸಿದ ಖಾತೆಗೆ, ಅದರ ಪಾಸ್‌ಬುಕ್ಕು ಯಾರ ಹತ್ತಿರವೂ ಇಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರಿನಲ್ಲಿ ಒಂದು ಅಂಕಿ ತಪ್ಪು. ಇಂಥ ಚಿಲ್ಲರೆ ಕಾರಣಕ್ಕೇ 50,000 ಕೈತಪ್ಪುತ್ತದೆ. ಪಿಯುಸಿ ಪರೀಕ್ಷೆ ಮುಗಿದ ಮೇಲೆ ನಾಲ್ಕಾರು ಹುಡುಗಿಯರನ್ನು ಜಗಲಿಯಲ್ಲಿ ಕೂರಿಸಿಕೊಂಡು ಕಾಗದ ಸರಿ ಮಾಡಿಸಿ. ನಿಮ್ಮ ಮಾತು ಅವರೂ ಕೇಳುತ್ತಾರೆ, ಬ್ಯಾಂಕಿನವರೂ ಕೇಳುತ್ತಾರೆ.

ಇನ್ನು ಫೋಟೋ. ಕಳಿಸಿದರೆ ಹಾಕುತ್ತೇವೆ, ಊರ ಸುದ್ದಿ ಅದು. ಆದರೆ ಹದಿನೆಂಟರ ಹುಡುಗಿಯನ್ನು ವೇದಿಕೆಗೆ ಕರೆದು, ಮೈಕಿನಲ್ಲಿ "ಕಡು ಬಡತನದಲ್ಲಿ ಅರಳಿದ ಪ್ರತಿಭೆ" ಎಂದು ಹೇಳಿಸಿ, ಅತಿಥಿಗಳ ಭಾಷಣ ಮುಗಿಯುವ ತನಕ ಶಾಲು ಹೊದೆಸಿ ಕೂರಿಸುವುದು ನನಗೆ ಹಿಡಿಸುವುದಿಲ್ಲ. ಮರುದಿನ ಅವಳು ಅದೇ ಬಸ್ಸಿನಲ್ಲಿ ಗೆಳತಿಯರ ಜೊತೆ ಹೋಗಬೇಕು. ಹಾಲ್ ಬಾಡಿಗೆ, ಶಾಲು, ಸ್ಮರಣಿಕೆ, ಊಟದ ಖರ್ಚು ಉಳಿಸಿದರೆ ಅವಳ ಒಂದು ತಿಂಗಳ ಮೆಸ್ ಬಿಲ್ಲಾದರೂ ಆಗುತ್ತದೆ. ದುಡ್ಡು ನೇರ ಖಾತೆಗೆ ಹಾಕಿ.

ಫೋಟೋ ಬದಲು ನಿಮ್ಮ ನಿಯಮಗಳನ್ನು ಒಂದು ಪುಟದಲ್ಲಿ ಬರೆದು ಏಪ್ರಿಲ್ ಒಳಗೆ ಕಳಿಸಿ: ಯಾರಿಗೆ, ಎಷ್ಟು, ಅರ್ಜಿ ಎಲ್ಲಿ ಕೊಡಬೇಕು, ಕೊನೆಯ ದಿನ ಯಾವುದು. ಮೇ ಸಂಚಿಕೆಯಲ್ಲಿ ಅರ್ಧ ಪುಟ ಬಿಟ್ಟಿರುತ್ತೇವೆ, ಜಾಹೀರಾತಿನ ದುಡ್ಡು ಬೇಡ. ಬೇರೆ ತಾಲೂಕಿನ ದಾನಿಗಳು, ಸೊಸೈಟಿಯವರು ಕಳಿಸಿದರೂ ಅದೇ ಪುಟದಲ್ಲಿ ಹಾಕುತ್ತೇವೆ.

– ಸಂಪಾದಕ