ಕೀಬೋರ್ಡ್ ಯಾರ ಮುಂದಿದೆ?

ಕಂಪ್ಯೂಟರ್ ಸೈನ್ಸ್ ಓದುತ್ತಿರುವವರ, ಓದಿಸುತ್ತಿರುವವರ ಪ್ರಶ್ನೆಗಳಿಗೆ ಈ ವಿಷಯದ ನಿವೃತ್ತ ಪ್ರಾಧ್ಯಾಪಕಿಯ ಉತ್ತರ

ಪ್ರಶ್ನೆ: ಮೇಡಂ, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಎರಡನೇ ಸೆಮಿಸ್ಟರ್. ಕೆಲವು ಹುಡುಗರು ಹೈಸ್ಕೂಲಿನಿಂದಲೇ ಪ್ರೋಗ್ರಾಂ ಬರೆಯುತ್ತಿದ್ದರಂತೆ. ಮೇಷ್ಟ್ರು ಪ್ರಶ್ನೆ ಮುಗಿಸುವುದರೊಳಗೆ ಉತ್ತರ ಹೇಳಿಬಿಡುತ್ತಾರೆ. ನನಗೆ ಪಾಯಿಂಟರ್ ಇನ್ನೂ ತಲೆಗೆ ಹತ್ತಿಲ್ಲ. ಬ್ರಾಂಚ್ ಬದಲಿಸಲೇ?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಬೇಡ ಮಗಳೇ, ಬದಲಿಸಬೇಡ. ಆ ಹುಡುಗರು ನಿನಗಿಂತ ಮೊದಲು ಹೊರಟವರು, ಅಷ್ಟೇ. ಮೊದಲು ಹೊರಟವರನ್ನೇ ಬುದ್ಧಿವಂತರೆಂದು ಎಣಿಸುವ ತಪ್ಪನ್ನು ದೊಡ್ಡ ವಿಶ್ವವಿದ್ಯಾಲಯಗಳೂ ಮಾಡಿವೆ. ಅಮೆರಿಕದ ಕಾರ್ನೆಗಿ ಮೆಲನ್‌ನಲ್ಲಿ 1995ರಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಸೇರಿದವರಲ್ಲಿ ಹುಡುಗಿಯರು ಶೇ 7 ಮಾತ್ರ. ಅಲ್ಲಿ ಇದನ್ನು ಅಧ್ಯಯನ ಮಾಡಿದ ಜೇನ್ ಮಾರ್ಗೋಲಿಸ್ ಮತ್ತು ಆಲನ್ ಫಿಶರ್ ವರ್ಷಗಟ್ಟಲೆ ವಿದ್ಯಾರ್ಥಿಗಳ ಜೊತೆ ಕುಳಿತು ಮಾತಾಡಿದರು. ಅವರು ಕಂಡದ್ದು ನಿನ್ನ ಪತ್ರದಲ್ಲಿರುವುದನ್ನೇ: ಮೊದಲು ಹೋಗುವುದು ಆತ್ಮವಿಶ್ವಾಸ, ಆಸಕ್ತಿ ಹೋಗುವುದು ಅದರ ಹಿಂದೆ. ಪ್ರೋಗ್ರಾಮಿಂಗಿನ ಪೂರ್ವಾನುಭವಕ್ಕೆ ಪ್ರವೇಶದಲ್ಲಿ ಕೊಡುತ್ತಿದ್ದ ತೂಕವನ್ನು ಅಲ್ಲಿ ಕಡಿಮೆ ಮಾಡಿದರು. ಅನುಭವ ಇಲ್ಲದವರಿಗೆ ಬೇರೆ ಆರಂಭಿಕ ಕೋರ್ಸ್ ತೆರೆದರು. 2000ನೇ ಇಸವಿಯ ಹೊತ್ತಿಗೆ ಹುಡುಗಿಯರ ಪ್ರಮಾಣ ಶೇ 42ಕ್ಕೆ ಏರಿತು. ಅಮೆರಿಕದ್ದೇ ಆದ ಹಾರ್ವೆ ಮಡ್ ಕಾಲೇಜಿನಲ್ಲೂ ಮೊದಲ ಕೋರ್ಸನ್ನು ಅನುಭವವಿದ್ದವರಿಗೆ ಒಂದು, ಇಲ್ಲದವರಿಗೆ ಒಂದು ಎಂದು ಒಡೆದರು. ಎಲ್ಲದಕ್ಕೂ ತಾನೇ ಉತ್ತರ ಹೇಳುವ ವಿದ್ಯಾರ್ಥಿಯನ್ನು ಅಧ್ಯಾಪಕರು ಪ್ರತ್ಯೇಕವಾಗಿ ಕರೆದು, ‘ನಿನ್ನ ಜೊತೆ ಮಾತಾಡುವುದು ಇಷ್ಟ, ಆದರೆ ಅದನ್ನು ನನ್ನ ಕೊಠಡಿಯಲ್ಲಿ ಮಾಡೋಣ’ ಎಂಬರ್ಥದಲ್ಲಿ ಹೇಳುವ ರೂಢಿಯನ್ನೂ ತಂದರು. ನಿಮ್ಮ ಮೇಷ್ಟ್ರು ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ.

ಪಾಯಿಂಟರ್ ವಿಷಯ: ಪರದೆ ಬಿಟ್ಟು ಹಾಳೆ ತೆಗೆದುಕೋ. ಮೆಮೊರಿಯನ್ನು ಸಾಲು ಮನೆಗಳಂತೆ ಬರೆ, ಪ್ರತಿ ಮನೆಗೂ ಒಂದು ನಂಬರ್ ಕೊಡು. ಪಾಯಿಂಟರ್ ಎಂದರೆ ಇನ್ನೊಂದು ಮನೆಯ ನಂಬರನ್ನು ಒಳಗಿಟ್ಟುಕೊಂಡಿರುವ ಮನೆ. ಆಮೇಲೆ ಐದಾರು ಸಾಲಿನ ಪ್ರೋಗ್ರಾಂ ಬರೆದು ವಿಳಾಸವನ್ನೂ ಅದರೊಳಗಿನ ಬೆಲೆಯನ್ನೂ ಪ್ರಿಂಟ್ ಮಾಡಿಸಿ ನೋಡು. ತಪ್ಪು ಬಂದರೆ ಆ ಹಾಳೆಯನ್ನೇ ಹಿಡಿದುಕೊಂಡು ಮೇಷ್ಟ್ರ ಕೊಠಡಿಗೆ ಹೋಗು.

ಪ್ರಶ್ನೆ: ನಮ್ಮ ವಿಭಾಗದಲ್ಲಿ ಈಗ ಅರ್ಧಕ್ಕರ್ಧ ಹುಡುಗಿಯರೇ ಇದ್ದಾರೆ. ನಮ್ಮಲ್ಲಿ ಸಮಾನತೆ ಬಂದಾಯಿತು ಎನ್ನಬಹುದಲ್ಲವೇ?
– ಉಪನ್ಯಾಸಕ, ದಾವಣಗೆರೆ

ಉತ್ತರ: ಬಂದದ್ದು ಹಾಜರಿ. ಅದೂ ಸಣ್ಣದಲ್ಲ. ಅಮೆರಿಕದಲ್ಲಿ ಈ ವಿಷಯದ ಪದವೀಧರರಲ್ಲಿ ಮಹಿಳೆಯರು 1980ರ ದಶಕದ ನಡುವೆ ಶೇ 37ರಷ್ಟಿದ್ದು, ಆಮೇಲೆ ಶೇ 20ಕ್ಕಿಂತ ಕೆಳಗೆ ಇಳಿದರು. ನಮ್ಮಲ್ಲಿ ದಾರಿ ಬೇರೆ. ಸಮಾಜವಿಜ್ಞಾನಿ ರೋಲಿ ವರ್ಮಾ ಭಾರತದ ವಿದ್ಯಾರ್ಥಿನಿಯರನ್ನು ಮಾತಾಡಿಸಿದಾಗ, ಕಂಪ್ಯೂಟರ್ ಕೆಲಸ ಕಟ್ಟಡದೊಳಗೆ ಕುಳಿತು ಮಾಡುವಂಥದ್ದು, ಹೆಣ್ಣುಮಕ್ಕಳಿಗೆ ಒಗ್ಗುವಂಥದ್ದು ಎಂಬ ಭಾವನೆ ಎದ್ದು ಕಂಡಿತು. ಮೆಕ್ಯಾನಿಕಲ್ ಬೇಡ, ಸಿವಿಲ್ ಬೇಡ, ಕಂಪ್ಯೂಟರ್ ಆಗಲಿ ಎಂದು ಅಪ್ಪ ಅಮ್ಮ ಒಪ್ಪುತ್ತಾರೆ. ಹುಡುಗಿಯನ್ನು ಕ್ಲಾಸಿನೊಳಗೆ ಕರೆತಂದ ಆ ಸುರಕ್ಷತೆಯ ಮಾತೇ ಸಂಜೆ ಅವಳನ್ನು ಲ್ಯಾಬಿನಿಂದ ಹೊರಗೆ ಕರೆದೊಯ್ಯುತ್ತದೆ. ನನ್ನ ಸಿಟ್ಟಿರುವುದು ಇಲ್ಲಿ.

ನಾನು ಪಾಠ ಮಾಡಿದ ಒಂದು ಕಾಲೇಜಿನಲ್ಲಿ ಹುಡುಗಿಯರ ಹಾಸ್ಟೆಲ್ ಗೇಟು ಕತ್ತಲಾಗುವ ಮೊದಲೇ ಮುಚ್ಚುತ್ತಿತ್ತು, ಲ್ಯಾಬ್ ರಾತ್ರಿಯವರೆಗೂ ತೆರೆದಿರುತ್ತಿತ್ತು. ಫೀಸು ಇಬ್ಬರಿಗೂ ಒಂದೇ. ರಾತ್ರಿಯಿಡೀ ಪ್ರೋಗ್ರಾಂ ಬರೆಯುವ ಸ್ಪರ್ಧೆಯಾದ ಹ್ಯಾಕಥಾನ್‌ಗೆ ಹುಡುಗಿಯರ ಹೆಸರು ಬರುತ್ತಿರಲಿಲ್ಲ. ‘ಅವರಿಗೆ ಆಸಕ್ತಿ ಕಡಿಮೆ’ ಎಂದು ವಿಭಾಗದ ಸಭೆಯಲ್ಲಿ ಹೇಳುತ್ತಿದ್ದರು. ಇಂಥ ಗೇಟುಗಳ ವಿರುದ್ಧವೇ 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ‘ಪಿಂಜ್ರಾ ತೋಡ್’ (ಪಂಜರ ಮುರಿ) ಎಂದು ಬೀದಿಗಿಳಿದದ್ದು. ಹಾಗಾಗಿ ಮೊದಲು ನಿಮ್ಮ ಲ್ಯಾಬಿನ ಸಮಯವನ್ನೂ ಹಾಸ್ಟೆಲ್ಲಿನ ಸಮಯವನ್ನೂ ಪಕ್ಕಪಕ್ಕದಲ್ಲಿ ಬರೆದು ಪ್ರಾಂಶುಪಾಲರ ಮುಂದಿಡಿ.

ಎರಡನೆಯದು ನಿಮ್ಮ ಕೈಯಲ್ಲೇ ಇದೆ. ಪ್ರಾಜೆಕ್ಟ್ ತಂಡಗಳನ್ನು ನೋಡಿ. ರಿಪೋರ್ಟ್ ಬರೆಯುವವರು, ಸ್ಲೈಡ್ ಮಾಡುವವರು, ಬೈಂಡಿಂಗ್ ಅಂಗಡಿಗೆ ಓಡುವವರು ಯಾರು? ಕೀಬೋರ್ಡ್ ಯಾರ ಮುಂದಿದೆ? ನನ್ನ ಲ್ಯಾಬಿನಲ್ಲಿ ಅರ್ಧ ಗಂಟೆಗೊಮ್ಮೆ ಕುರ್ಚಿ ಬದಲಾಗಲೇಬೇಕಿತ್ತು. ವೈವಾದಲ್ಲಿ ಪ್ರತಿಯೊಬ್ಬರಿಗೂ ತಂಡದ ಕೋಡಿನಲ್ಲಿ ಒಂದು ಸಣ್ಣ ಬದಲಾವಣೆಯನ್ನು ನನ್ನೆದುರೇ ಮಾಡಿಸುತ್ತಿದ್ದೆ. ಕೆಲವೇ ವಾರಗಳಲ್ಲಿ ಹುಡುಗಿಯರು ತಮ್ಮ ಪಾಲಿನ ಕೋಡನ್ನು ತಾವೇ ಕೇಳಿ ಪಡೆಯತೊಡಗಿದರು. ಹಳ್ಳಿಯಿಂದ ಬಂದು, ಇಂಗ್ಲಿಷ್ ಸಲೀಸಾಗಿ ಬಾರದೆ ಹಿಂದಿನ ಬೆಂಚಿನಲ್ಲಿದ್ದ ಹುಡುಗರಿಗೂ ಇದರಿಂದ ಜೀವ ಬಂತು. ಆ ಅರ್ಧಕ್ಕರ್ಧದ ಲೆಕ್ಕದಲ್ಲಿ ಇವರು ಕಾಣುವುದಿಲ್ಲ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದವರು ನಿಮ್ಮ ತರಗತಿಯಲ್ಲಿ ಯಾರೆಂದು ನಿಮಗೆ ಗೊತ್ತಿರಬೇಕು.

ಪ್ರಶ್ನೆ: ಐಐಟಿಗಳಲ್ಲಿ ಹುಡುಗಿಯರಿಗೆ ಪ್ರತ್ಯೇಕ ಸೀಟು ಕೊಡುತ್ತಿದ್ದಾರೆ. ಹಗಲಿರುಳು ಓದಿದ ನನ್ನ ಮಗನ ಸೀಟು ಹೋದಂತಲ್ಲವೇ?
– ತಂದೆ, ಹಾಸನ

ಉತ್ತರ: ಮಗನ ಶ್ರಮದ ಬಗ್ಗೆ ನಿಮಗಿರುವ ಕಾಳಜಿ ನನಗೂ ಇದೆ. ಆದರೆ ಅವನ ಸೀಟು ಹೋಗಿಲ್ಲ. 2016ರಲ್ಲಿ ಐಐಟಿ ಬಿ.ಟೆಕ್ ಸೇರಿದವರಲ್ಲಿ ಹುಡುಗಿಯರು ಶೇ 8ರ ಆಸುಪಾಸಿನಲ್ಲಿದ್ದರು. 2018ರಿಂದ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಿ, ಮೊದಲು ಶೇ 14, ಮರುವರ್ಷ ಶೇ 17, 2020ಕ್ಕೆ ಶೇ 20 ಎಂದು ಗುರಿ ಇಟ್ಟರು. ಇದ್ದ ಸೀಟುಗಳನ್ನು ಕಡಿಮೆ ಮಾಡದೆ ಮೇಲೆ ಸೇರಿಸುವುದೇ ಯೋಜನೆಯ ಮೂಲ ಷರತ್ತು. ಹುಡುಗಿಯೂ ಐಐಟಿ ಪ್ರವೇಶ ಪರೀಕ್ಷೆಯಾದ ಜೆಇಇ ಅಡ್ವಾನ್ಸ್ಡ್‌ನಲ್ಲಿ ಅರ್ಹತೆ ಪಡೆಯಲೇಬೇಕು. ಅವಳ ಕಟ್-ಆಫ್ ರ‍್ಯಾಂಕ್ ಬೇರೆ ಇರುತ್ತದೆ, ನಿಜ. ಆದರೆ ಮಗನನ್ನು ರಾಜಸ್ಥಾನದ ಕೋಟಾಕ್ಕೋ ಹೈದರಾಬಾದಿಗೋ ಕೋಚಿಂಗಿಗೆ ಕಳಿಸುವ ಎಷ್ಟು ಮನೆಗಳು ಮಗಳನ್ನೂ ಕಳಿಸುತ್ತವೆ? ನಿಮಗೆ ಮಗಳಿದ್ದರೆ ಈ ಪ್ರಶ್ನೆ ನಿಮ್ಮ ಮನೆಯದೂ ಹೌದು.

ಪ್ರಶ್ನೆ: ಪಿಎಚ್‌ಡಿ ಮೂರನೇ ವರ್ಷ, ಗರ್ಭಿಣಿ. ‘ಬಿಟ್ಟುಬಿಡಿ, ಆಮೇಲೆ ನೋಡೋಣ’ ಎಂದು ಮಾರ್ಗದರ್ಶಕರು ಹೇಳುತ್ತಿದ್ದಾರೆ.
– ಸಂಶೋಧಕಿ, ಧಾರವಾಡ

ಉತ್ತರ: ದಯವಿಟ್ಟು ಬಿಡಬೇಡಿ ತಾಯಿ. ಪಿಎಚ್‌ಡಿ ಅವಧಿಯಲ್ಲಿ ಒಟ್ಟು 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ನೀಡಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಲ್ಲಿ ಅವಕಾಶವಿದೆ. ಪ್ರಬಂಧ ಸಲ್ಲಿಸುವ ಗರಿಷ್ಠ ಅವಧಿಯಲ್ಲೂ ಮಹಿಳೆಯರಿಗೆ ಎರಡು ವರ್ಷದ ರಿಯಾಯಿತಿ ಸಿಗಬಹುದು. ಬಾಯಿಮಾತಿನಲ್ಲಿ ಕೇಳಬೇಡಿ. ಮಾರ್ಗದರ್ಶಕರ ಮೂಲಕ ಕುಲಸಚಿವರಿಗೆ ಅರ್ಜಿ ಬರೆಯಿರಿ, ವೈದ್ಯರ ಪತ್ರ ಲಗತ್ತಿಸಿ, ಸ್ವೀಕೃತಿಯ ಮುದ್ರೆ ಇರುವ ಪ್ರತಿಯನ್ನು ಇಟ್ಟುಕೊಳ್ಳಿ. ಮಾರ್ಗದರ್ಶಕರು ಸಹಿ ಹಾಕಲು ಒಪ್ಪದಿದ್ದರೆ ವಿಭಾಗದ ಮುಖ್ಯಸ್ಥರ ಬಳಿ ಹೋಗಿ. ರಜೆಗೆ ಮೊದಲು ನಿಮ್ಮ ಕೋಡ್ ಮತ್ತು ದತ್ತಾಂಶವನ್ನು ನಿಮ್ಮದೇ ಖಾತೆಯಲ್ಲೂ ಕಾಪಿಟ್ಟುಕೊಂಡು, ಯಾವ ಪ್ರಯೋಗ ಎಲ್ಲಿಗೆ ನಿಂತಿದೆ ಎಂದು ದಿನಾಂಕ ಸಮೇತ ಬರೆದಿಡಿ.