ಫೋಟೋಶಾಪ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಉಳಿದುಕೊಂಡರೆ ಏನು ಮಾಡಬೇಕು?

ಕೊಪ್ಪಳದ ನಿಮ್ಮ ಸ್ಟುಡಿಯೊದಲ್ಲಿ ಗವಿಮಠದ ಜಾತ್ರೆಯ ಚಿತ್ರಗಳನ್ನು ತಿದ್ದಿ ಫೋಟೋಶಾಪ್ ಮುಚ್ಚಿದರೆ, ಅದು ಪರದೆಯಿಂದ ಮಾಯವಾಗುತ್ತದೆ, ಆದರೆ ಮತ್ತೆ ತೆರೆಯುವುದಿಲ್ಲ ಎಂದಿದ್ದೀರಿ. ಕಣ್ಣಿಗೆ ಕಾಣುವ ಭಾಗ ಮಾತ್ರ ಹೋಗಿದೆ. ಪ್ರೋಗ್ರಾಂ ಇನ್ನೂ ಮೆಮೊರಿಯಲ್ಲಿ ಕುಳಿತಿದೆ.

ಮೊದಲು ಸ್ವಲ್ಪ ಕಾಯಿರಿ. ದೊಡ್ಡ ಪಿಎಸ್‌ಡಿ (ಫೋಟೋಶಾಪ್‌ನ ಸ್ವಂತ ಮಾದರಿಯ) ಕಡತವನ್ನು ಉಳಿಸುವ ಕೆಲಸ ಹಿನ್ನೆಲೆಯಲ್ಲಿ ನಡೆದಿರಬಹುದು. ಆಗ ಬಲವಂತವಾಗಿ ನಿಲ್ಲಿಸಿದರೆ ಕಡತವೇ ಕೆಟ್ಟೀತು. ಆಮೇಲೂ ಹೋಗದಿದ್ದರೆ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಫೋಟೋಶಾಪ್ ಆಯ್ದು ‘ಎಂಡ್ ಟಾಸ್ಕ್’ ಒತ್ತಿ.

ಇದು ಪದೇ ಪದೇ ಆಗುತ್ತಿದ್ದರೆ ನನ್ನ ಅನುಮಾನ ಪ್ಲಗ್‌ಇನ್‌ಗಳ (ಫೋಟೋಶಾಪ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಪ್ರೋಗ್ರಾಂಗಳ) ಮೇಲೆ, ಅದರಲ್ಲೂ ಮದುವೆ ಆಲ್ಬಮ್‌ಗೆಂದು ಯಾರೋ ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟವುಗಳ ಮೇಲೆ. ಫೋಟೋಶಾಪ್ ಶುರುವಾಗುವಾಗ ಶಿಫ್ಟ್ ಒತ್ತಿ ಹಿಡಿದರೆ ಹೊರಗಿನ ಪ್ಲಗ್‌ಇನ್‌ಗಳನ್ನು ಬಿಟ್ಟು ತೆರೆಯಬಹುದು. ಆಗ ಸರಿಯಾಗಿ ಮುಚ್ಚಿಕೊಂಡರೆ ಕಳ್ಳ ಸಿಕ್ಕಂತೆ. ಒಂದೊಂದನ್ನೇ ತೆಗೆದು ನೋಡಿ. ಇಲ್ಲವಾದರೆ ಪ್ರಿಫರೆನ್ಸಸ್‌ನ ಜನರಲ್ ವಿಭಾಗದಲ್ಲಿ ‘ಎಕ್ಸ್‌ಪೋರ್ಟ್ ಕ್ಲಿಪ್‌ಬೋರ್ಡ್’ ಗುರುತನ್ನು ತೆಗೆಯಿರಿ. ಮುಚ್ಚುವ ಹೊತ್ತಿನಲ್ಲಿ, ನಕಲು ಮಾಡಿಕೊಂಡ ದೊಡ್ಡ ಚಿತ್ರವನ್ನು ವಿಂಡೋಸ್‌ಗೆ ದಾಟಿಸಲು ಹೋಗಿ ಫೋಟೋಶಾಪ್ ತಡವರಿಸುವುದುಂಟು. ಸ್ಕ್ರ್ಯಾಚ್ ಡಿಸ್ಕ್‌ನಲ್ಲಿ, ಅಂದರೆ ಫೋಟೋಶಾಪ್ ತಾತ್ಕಾಲಿಕ ಕೆಲಸಕ್ಕೆ ಬಳಸುವ ಡ್ರೈವ್‌ನಲ್ಲಿ, ಜಾಗ ಉಳಿದಿದೆಯೇ ಎಂದೂ ನೋಡಿಕೊಳ್ಳಿ.